ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಗಾದೆ ಹೇಳಿದರೆ ಆ ಮನೆಯವರಿಗೆ ನಗು ಬರುತ್ತಿರಲಿಲ್ಲ. ಅವರ ಮನೆಯ ನೆಲ ನಿಜವಾಗಿಯೂ ಡೊಂಕು. ಮುತ್ತಜ್ಜ ಕಟ್ಟಿಸಿದ ನಾಲ್ಕಂತಸ್ತಿನ ಕಿರಿದಾದ ಕಟ್ಟಡ ಅದು. ಕೆಳಗೆ ಬೀದಿಗೆ ಬಾಯ್ತೆರೆದ ಮರಗೆಲಸದ ಅಂಗಡಿ, ಅದರ ಹಿಂದೆ ಅಡುಗೆಮನೆ ಮತ್ತು ಮೂರು ಕೋಣೆ, ಮೇಲೆ ಒಂದರ ಮೇಲೊಂದು ಮೂರು ಅಂತಸ್ತು. ಕಟ್ಟಿ ಮುಗಿಸಿದ ವರ್ಷವೇ ಹಿಂಭಾಗ ಒಂದಿಷ್ಟು ಕುಸಿದು, ಕೂತ ಜಾಗದಿಂದ ಮತ್ತೆ ಅಲ್ಲಾಡಲಿಲ್ಲ. ಮೇಲಿನ ಯಾವ ಕೋಣೆಯಲ್ಲಾದರೂ ಸರಿ, ನೆಲದ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ಅದು ಯಾರಪ್ಪನ ಮಾತೂ ಕೇಳದೆ ಹಿತ್ತಲ ಗೋಡೆಗೆ ಹೋಗಿ ಮುಟ್ಟುತ್ತಿತ್ತು.

ಬೇರೆಯವರಾಗಿದ್ದರೆ ನೆಲ ಕೀಳಿಸುತ್ತಿದ್ದರು. ಮುತ್ತಜ್ಜ ಬಡಗಿ. ಅವನು ನೆಲಕ್ಕೆ ಕೈ ಹಚ್ಚಲಿಲ್ಲ, ಗರಗಸ ತಗೊಂಡು ಮಂಚ, ಮೇಜು, ಬೀರುಗಳ ಕಾಲು ಕತ್ತರಿಸಿದ. ಬೀದಿ ಕಡೆಯ ಕಾಲು ಗಿಡ್ಡ, ಹಿತ್ತಲ ಕಡೆಯದು ಉದ್ದ. ಅವನ ಮಗ, ಮೊಮ್ಮಗ, ಎಲ್ಲರೂ ಹಾಗೇ ಮಾಡಿದರು. ಹೀಗಾಗಿ ಆ ಮನೆಯಲ್ಲಿ ಪ್ರತಿಯೊಂದು ಸಾಮಾನಿಗೂ ಅದರದೇ ಜಾಗ. ಅಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ, ಒಂದು ಗೇಣು ಸರಿಸಿದರೆ ಕುಂಟುತ್ತದೆ. ಕುಂಟಿದರೆ ಕಾಲಿನಡಿ ಒಂದು ಚಕ್ಕೆ ತುರುಕು, ಕೆಲಸ ನಡೆಯಲಿ. ಮರಗೆಲಸದವರ ಮನೆಯಲ್ಲಿ ಚಕ್ಕೆಗೇನು ಬರ?

ದೊಡ್ಡ ಸೊಸೆ ಮದುವೆಯಾಗಿ ಬಂದಾಗ ಅವಳ ಗಂಡ ನಡುವಿನ ಅಂತಸ್ತಿನ ಬೀದಿ ಕೋಣೆಗೆಂದೇ ಅಳೆದು ಒಂದು ಮಂಚ ಮಾಡಿದ್ದ. ಅವನಿಗೆ ಬೀದಿಯವರು ಇಟ್ಟ ಹೆಸರು ಹ್ಞೂಂ ಮೇಸ್ತ್ರಿ. ಏನು ಕೇಳಿದರೂ "ಹ್ಞೂಂ" ಅಂತಲೇ ಉತ್ತರ. ಮಳೆ ಬರುತ್ತಾ? ಹ್ಞೂಂ. ಬರಲ್ವಾ? ಹ್ಞೂಂ. ಅಪ್ಪನ ಜೊತೆ ಅಂಗಡಿಯಲ್ಲಿ ದಿನವಿಡೀ ಮರ ಉಜ್ಜುತ್ತಾನೆ, ರಾತ್ರಿ ಉಂಡು ಮಲಗುತ್ತಾನೆ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಒಂದು ಮಾತೂ ಇಲ್ಲ ಅನ್ನುವುದೇ ಅವಳ ಸಂಕಟ.

ಈ ಎಲ್ಲದರ ನಡುವೆ ಬಾಡಿಗೆ ಮನೆಗಳ ಮಾತು ಎತ್ತಿದವಳು ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಅವಳು ಕಟ್ಟಡಗಳ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮೈದುನ ವಿಮೆ ಕಂಪನಿಯಲ್ಲಿ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ತಟ್ಟೆಗಳ ನಡುವೆ ಜಾಗ ಮಾಡಿಕೊಂಡು ಲ್ಯಾಪ್‌ಟಾಪ್ ಬಿಚ್ಚಿದಳು.

"ಮಾವ, ಸೂರು ಸೋರ್ತಿದೆ. ಅಂಗಡಿಗೆ ಮೊದಲಿನ ಹಾಗೆ ಕೆಲಸ ಬರ್ತಿಲ್ಲ. ರಜೆಗೆ ಊರು ನೋಡೋಕೆ ಬರೋರು ಈಗ ಹೋಟೆಲ್ ಬೇಡ, ಹಳೇ ಮನೇಲಿ ನಾಲ್ಕು ದಿನ ಇರ್ತೀವಿ ಅಂತಾರೆ. ಮೇಲಿನ ಮೂರು ಅಂತಸ್ತು ಮೂರು ಮನೆ ಮಾಡೋಣ. ನಾವೆಲ್ಲ ಕೆಳಗೆ ಇರೋಣ."

"ಸೊಟ್ಟ ನೆಲದ ಮೇಲೆ ಮಲಗೋಕೆ ಯಾವನು ದುಡ್ಡು ಕೊಡ್ತಾನೆ?" ಅಂದರು ಮಾವ.

"ಸ್ನಾನದ ಮನೆ, ಅಡುಗೆ ಜಾಗ, ಅಷ್ಟೇ ಮಟ್ಟ ಮಾಡೋದು, ನೀರು ಹೋಗ್ಬೇಕಲ್ಲ. ಮಲಗೋ ಕೋಣೆ ನೆಲ ಮುಟ್ಟಲ್ಲ. ನಿಮ್ಮ ಅಜ್ಜ ಮಾಡಿದ ಮಂಚ, ಮೇಜು, ಎಲ್ಲ ಅದದೇ ಜಾಗಕ್ಕೆ ವಾಪಸ್. ಅದನ್ನ ನೋಡೋಕೇ ಬರ್ತಾರೆ ಮಾವ."

ಮಾವನ ಮುಖ ಅರಳಿತು. ಅಜ್ಜನ ಹೆಸರು ಎತ್ತಿದರೆ ಮುಗಿಯಿತು, ಮುದುಕ ಬೆಣ್ಣೆ. ಹುಡುಗಿ ನಕ್ಷೆ ಬರೆಯುವುದರಲ್ಲಷ್ಟೇ ಅಲ್ಲ, ಮನುಷ್ಯರನ್ನು ಓದುವುದರಲ್ಲೂ ಜಾಣೆ.

"ಅದೆಲ್ಲ ಸರಿ, ಬಂದೋರಿಗೆ ಬೀಗದ ಕೈ ಕೊಡೋರು ಯಾರು? ಹಾಸಿಗೆ ಬಟ್ಟೆ ಒಗೆಯೋರು? ಕಸ ಗುಡಿಸೋರು?" ಮೈದುನ ಕೇಳಿದ. "ನಾವಿಬ್ರೂ ಆಫೀಸಿಗೆ ಹೋಗ್ತೀವಿ."

ವಾರಗಿತ್ತಿ ಪರದೆಯಿಂದ ಕಣ್ಣೆತ್ತದೆ ಅಂದಳು: "ಅಕ್ಕ ಇದ್ದಾರಲ್ಲ."

ಅಕ್ಕ ಅಲ್ಲೇ ಇದ್ದಳು, ಸೌಟು ಹಿಡಿದು, ಮಾವನ ತಟ್ಟೆಗೆ ಎರಡನೇ ಸಲ ಅನ್ನ ಹಾಕುತ್ತ. ಅವಳನ್ನು ಯಾರೂ ಕೇಳಲಿಲ್ಲ. ಅವಳು ಗಂಡನ ಮುಖ ನೋಡಿದಳು.

"ಹ್ಞೂಂ," ಅಂದ ಅವನು, ತಟ್ಟೆಗೆ.

ತಿಂಗಳೊಪ್ಪತ್ತಿನಲ್ಲಿ ಮೇಲಿದ್ದದ್ದೆಲ್ಲ ಕೆಳಗೆ ಬಂತು. ಮೂರು ಕೋಣೆಯಲ್ಲಿ ಮೂರು ಸಂಸಾರ: ಅತ್ತೆ ಮಾವನದು, ಮೈದುನನದು, ಇವರದು. ಇವರ ಕೋಣೆಯಲ್ಲಿ ಮಂಚ ಇಟ್ಟರೆ ಬಾಗಿಲು ತೆಗೆಯಲು ಬರುತ್ತಿರಲಿಲ್ಲ. ಬಾಗಿಲು ಪೂರ್ತಿ ತೆಗೆದರೆ ಮಗಳು ಓದುವ ಮೇಜಿಗೆ ಜಾಗವಿರಲಿಲ್ಲ. ಕೊನೆಗೆ ಅರ್ಧ ಬಾಗಿಲಿನಲ್ಲಿ ಓಡಾಡುವುದನ್ನು ಎಲ್ಲರೂ ಕಲಿತರು. ಇನ್ನು ಸಾಮಾನುಗಳ ಪಾಡು ಕೇಳಬೇಡಿ. ಕೆಳಗಿನ ನೆಲ ಆಮೇಲೆ ಹಾಸಿದ ಕಲ್ಲುಚಪ್ಪಡಿಯದು, ಮಟ್ಟವಾದದ್ದು. ಮೂರು ತಲೆಮಾರು ಡೊಂಕಿಗೆ ಒಗ್ಗಿದ ಮಂಚ ಮೇಜುಗಳೆಲ್ಲ ನೆಟ್ಟನೆಯ ನೆಲದ ಮೇಲೆ ಕುಡಿದವರ ಹಾಗೆ ವಾಲಾಡಿದವು. ಊಟದ ಮೇಜಿನ ಮೇಲೆ ನೀರಿನ ಲೋಟ ಮೈದುನನ ಕಡೆಗೇ ಜಾರುತ್ತಿತ್ತು. ಮಾವ ಜೇಬು ತುಂಬ ಚಕ್ಕೆ ಇಟ್ಟುಕೊಂಡು ಕೋಣೆಯಿಂದ ಕೋಣೆಗೆ ತಿರುಗಿದರು.

"ಅಮ್ಮ, ಪೆನ್ಸಿಲ್ ಬಿತ್ತು."

"ಎತ್ಕೋ."

"ಹತ್ತು ಸಲ ಎತ್ಕೊಂಡೆ. ಈ ಮೇಜಿಗೆ ನಾನು ಓದೋದು ಇಷ್ಟ ಇಲ್ಲ."

"ನಿನಗೇ ಇಷ್ಟ ಇಲ್ಲ, ಪಾಪ ಮೇಜಿನ ಮೇಲೆ ಯಾಕೆ ಹಾಕ್ತೀಯ?" ಅಂದರು ಅತ್ತೆ, ಪಕ್ಕದ ಕೋಣೆಯಿಂದಲೇ. ಗೋಡೆಗಳು ತೆಳು, ಅತ್ತೆಯ ಕಿವಿ ಚುರುಕು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ನೆಟ್ಟಗಿದೆ ಅಜ್ಜಿ, ಅದೇ ತೊಂದರೆ."

ದೊಡ್ಡ ಸೊಸೆಗೆ ನಗು ಬಂತು. ಅವಳ ಮಂಚವೂ ರಾತ್ರಿ ಮಗ್ಗಲು ಬದಲಿಸಿದರೆ ಟಕ್ ಅನ್ನುತ್ತಿತ್ತು. ಆ ಟಕ್ಕಿಗೆ ಆಚೆ ಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು. ಗಂಡ ಹೆಂಡತಿ ಅಲುಗಾಡದೆ ಹೆಣದ ಹಾಗೆ ಮಲಗುವುದನ್ನು ಕಲಿತರು. ಮೇಲಿನ ಕೋಣೆಯಲ್ಲಿ ಆ ಮಂಚ ಒಂದು ದಿನವೂ ಸದ್ದು ಮಾಡಿದ್ದಿಲ್ಲ.

ಮೇಲೆ ಕೆಲಸ ಜೋರಾಗಿ ನಡೆಯಿತು. ಗಾರೆಯವರು, ನಲ್ಲಿಯವರು, ವೈರಿಂಗಿನವರು, ಮೂವರೂ ಒಬ್ಬರನ್ನೊಬ್ಬರು ಬೈದುಕೊಂಡು ಏಣಿ ಹತ್ತಿ ಇಳಿದರು. ಇಷ್ಟು ಜನಕ್ಕೆ ಚಹಾ ಮಾಡಬೇಕಲ್ಲ? ಅಕ್ಕ ಇದ್ದಾರಲ್ಲ. ಮರಳು ಲಾರಿ ಬಂದಾಗ ಬಾಗಿಲಲ್ಲಿ ನಿಲ್ಲಬೇಕಲ್ಲ? ಅಕ್ಕ ಇದ್ದಾರಲ್ಲ. ಪರದೆ ಹೊಲಿಸಲು ಟೈಲರ್ ಹತ್ತಿರ ಹೋಗಬೇಕು, ಬಣ್ಣದವನು ಕೈಕೊಟ್ಟ, ಬೇರೆಯವನನ್ನು ಹುಡುಕಬೇಕು. ಅಕ್ಕ ಇದ್ದಾರಲ್ಲ, ಅಕ್ಕ ಇದ್ದಾರಲ್ಲ. ಮೊದಮೊದಲು ವಾರಗಿತ್ತಿ ಹೇಳುತ್ತಿದ್ದಳು, ಆಮೇಲೆ ಮೈದುನ, ಆಮೇಲೆ ಮಾವ, ಕೊನೆಗೆ ಗಾರೆ ಕೆಲಸದವನೂ ಕಲಿತ.

ಒಂದು ಮಧ್ಯಾಹ್ನ ಚಹಾದ ಕೆಟಲ್ ಹಿಡಿದು ನಡುವಿನ ಅಂತಸ್ತಿಗೆ ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅದು ಅವಳ ಕೋಣೆಯೇ, ಆದರೆ ಮುಖ ತೊಳೆದು ನಿಂತ ಹಾಗಿತ್ತು. ಹಳೆಯ ಹಲಗೆಯ ನೆಲಕ್ಕೆ ಎಣ್ಣೆ ಹಚ್ಚಿ ಒರೆಸಿದ್ದರು. ಗೋಡೆಗೆ ಹಾಲಿಗೆ ಒಂದು ಹನಿ ಚಹಾ ಬಿದ್ದಂಥ ಬಣ್ಣ. ಬೀದಿಯ ಕಿಟಕಿಯ ಕೆಳಗೆ, ಮೊದಲು ಅವಳು ಮುರುಕು ಕೊಡೆ, ಹಳೆ ಚಪ್ಪಲಿ ಒಟ್ಟುತ್ತಿದ್ದ ಮೂಲೆಯಲ್ಲಿ, ಕಾಲು ಚಾಚಿ ಕೂರುವಷ್ಟು ಅಗಲದ ಒಂದು ಮರದ ಕಟ್ಟೆ ಬಂದಿತ್ತು. ಕೈಗೆಟಕುವ ಹಾಗೆ ಲೋಟ ಇಡಲು ಗೂಡು, ತಲೆಯ ಬಳಿ ಸಣ್ಣ ದೀಪ.

ವಾರಗಿತ್ತಿ ಅಂದು ಅರ್ಧ ದಿನ ರಜೆ ಹಾಕಿ ಬಂದಿದ್ದಳು. "ಹೇಗಿದೆ ಅಕ್ಕ? ಇಲ್ಲಿ ಕೂತ್ರೆ ಬೀದಿ ಪೂರ್ತಿ ಕಾಣತ್ತೆ, ಬೀದಿಯೋರಿಗೆ ನಾವು ಕಾಣಲ್ಲ."

"ಯಾರಿಗೆ ಮಾಡಿದ್ದು?"

"ಬರೋರಿಗೆ. ಸುತ್ತಾಡಿ ದಣಿದು ಬಂದಿರ್ತಾರಲ್ಲ, ಸುಮ್ಮನೆ ಕೂರೋಕೆ."

ದೊಡ್ಡ ಸೊಸೆ ಆ ಕಟ್ಟೆಯ ಮೇಲೆ ಒಂದು ಕ್ಷಣ ಕೂತಳು. ಆಸೆಯಾಯಿತು. ಆಸೆಯ ಬೆನ್ನಿಗೇ ಹೊಟ್ಟೆ ಉರಿಯಿತು. ಹದಿನಾರು ವರ್ಷ ಈ ಕೋಣೆಯಲ್ಲಿದ್ದವಳಿಗೆ ಸುಮ್ಮನೆ ಕೂರಲು ಒಂದು ಜಾಗ ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ನಿಜ ಹೇಳಬೇಕೆಂದರೆ ಅವಳಿಗೂ ಹೊಳೆದಿರಲಿಲ್ಲ. ಎಲ್ಲಿಂದಲೋ ನಾಲ್ಕು ದಿನಕ್ಕೆ ಬರುವವರ ಬೆನ್ನು ನೋವಿನ ಮೇಲೆ ಇಷ್ಟು ಕರುಣೆ! "ಅಕ್ಕ, ಚಹಾ ಆರ್ತಿದೆ," ಅಂದ ಗಾರೆಯವನು.

ಆ ರಾತ್ರಿ ಅವಳು ಗಂಡನನ್ನು ಕೇಳಿದಳು, "ರೀ, ನಾವು ಮತ್ತೆ ಮೇಲೆ ಹೋಗೋದು ಯಾವಾಗ?"

"ನೋಡೋಣ. ಮೊದಲು ಇದೆಲ್ಲ ಒಂದು ದಡ ಮುಟ್ಟಲಿ."

"ಮುಟ್ಟಿದ ಮೇಲೆ?"

"ಹ್ಞೂಂ."

ಮಂಚ ಟಕ್ ಅಂದಿತು. ಅತ್ತೆ ಕೆಮ್ಮಿದರು. ಅವಳಿಗೆ ಉತ್ತರ ಸಿಕ್ಕಿತು: ಯಾವತ್ತೂ ಇಲ್ಲ.

ಇದಾಗಿ ಎರಡು ವಾರಕ್ಕೆ ಫೋನ್ ಬರಲು ಶುರುವಾಯಿತು. ಅವಳ ಫೋನಿಗೆ ಸಾಮಾನ್ಯವಾಗಿ ಬರುತ್ತಿದ್ದವರು ಇಬ್ಬರೇ, ತಂಗಿ ಮತ್ತು ಗ್ಯಾಸಿನವನು. ಆವತ್ತು ಆಲೂಗಡ್ಡೆ ಸುಲಿಯುತ್ತಿದ್ದಾಗ ಯಾರೋ ಗಂಡಸು, "ಮೇಡಂ, ಟವೆಲ್ ನೀವೇ ಕೊಡ್ತೀರಾ?" ಅಂದ.

"ಯಾರಪ್ಪ ನೀನು? ನಾನ್ಯಾಕೆ ನಿನಗೆ ಟವೆಲ್ ಕೊಡ್ಲಿ?" ಎಂದು ಇಟ್ಟಳು. ಐದು ನಿಮಿಷಕ್ಕೆ ಒಬ್ಬಳು ಹೆಂಗಸು, ಕಾರು ನಿಲ್ಲಿಸಲು ಜಾಗವಿದೆಯೇ ಎಂದು ಕೇಳಿದಳು. ಸಂಜೆಯೊಳಗೆ ಏಳು ಜನ.

ವಾರಗಿತ್ತಿ ಚಪ್ಪಲಿ ಬಿಡುವ ಮೊದಲೇ ಪಂಚಾಯಿತಿ ಶುರುವಾಯಿತು.

"ನನ್ನ ನಂಬರ್ ಯಾರು ಕೊಟ್ಟಿದ್ದು?"

"ವೆಬ್‌ಸೈಟ್‌ಗೆ ಒಂದು ನಂಬರ್ ಬೇಕಿತ್ತು ಅಕ್ಕ. ನಮ್ಮಿಬ್ರಿಗೂ ಆಫೀಸಲ್ಲಿ ಫೋನ್ ಎತ್ತೋಕಾಗಲ್ಲ. ನೀವು ಮನೇಲೇ ಇರ್ತೀರಲ್ಲ ಅಂತ..."

"ಇರ್ತೀನಿ. ಬೀರುನೂ ಇರತ್ತೆ. ಅದರ ನಂಬರ್ ಕೊಡ್ಬೇಕಿತ್ತು."

"ಅತ್ತಿಗೆ, ಫೋನ್ ಎತ್ತಿ ಎರಡು ಮಾತಾಡೋಕೆ ಅಷ್ಟು ಸಿಟ್ಟಾ?" ಮೈದುನ ನಡುವೆ ಬಂದ.

"ಮಾತಿಗಲ್ಲ. ಒಂದು ಮಾತು ಕೇಳ್ಲಿಲ್ಲ, ಅದಕ್ಕೆ. ಈ ಮನೇಲಿ ಏನು ಕುಂಟಿದ್ರೂ ಅದರಡಿ ನನ್ನನ್ನ ತುರುಕ್ತೀರ. ಮಾವನ ಜೇಬಲ್ಲಿರೋ ಚಕ್ಕೆನಾ ನಾನು?"

ಮಾವ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಅತ್ತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯುತ್ತಿದ್ದವರು ತೆಗೆಯುತ್ತಲೇ ಇದ್ದರು. ವಾರಗಿತ್ತಿಯ ಮುಖ ಸಪ್ಪಗಾಯಿತು. ಕೆಟ್ಟ ಹುಡುಗಿಯೇನಲ್ಲ ಅವಳು, ಯೋಚಿಸಿರಲಿಲ್ಲ ಅಷ್ಟೆ. "ಬದಲಾಯಿಸ್ತೀನಿ ಅಕ್ಕ. ಬೋರ್ಡಿಗೂ ಬರೆಸಿಬಿಟ್ಟಿದ್ದೀನಿ, ಆದ್ರೂ ಅಳಿಸ್ತೀನಿ," ಅಂದಳು.

ದೊಡ್ಡ ಸೊಸೆ ಏನೋ ಯೋಚಿಸಿದಳು. "ಬೇಡ," ಅಂದಳು. "ಇರಲಿ."

ಮಾರನೇ ದಿನದಿಂದ ಅವಳು ಎಲ್ಲ ಫೋನನ್ನೂ ಎತ್ತಿದಳು. ಸಿಟ್ಟು ಇಳಿದಿರಲಿಲ್ಲ, ಹಾಗಾಗಿ ಯಾರಿಗೂ ಬೆಣ್ಣೆ ಹಚ್ಚಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದಳು.

"ನೆಲ ಡೊಂಕಾಗಿದೆ. ಮಕ್ಕಳ ಕೈಲಿ ಚೆಂಡು ಕೊಡಬೇಡಿ, ಆಮೇಲೆ ಮಂಚದಡಿಯಿಂದ ನೀವೇ ತೆಗೀಬೇಕು."

"ಕೆಳಗೆ ಮರ ಕೊಯ್ಯೋ ಸದ್ದಿರತ್ತೆ. ಮಧ್ಯಾಹ್ನ ಮಲಗೋರಾದ್ರೆ ಬರಬೇಡಿ."

"ಲಿಫ್ಟ್ ಇಲ್ಲ. ಮಂಡಿ ನೋವಿದ್ರೆ ಮೊದಲನೇ ಅಂತಸ್ತು ತಗೊಳ್ಳಿ. ನಿಮ್ಮ ಅಮ್ಮನಿಗಾ? ಹಾಗಾದ್ರೆ ಸ್ನಾನದ ಮನೇಲಿ ಹಿಡಿಕೆ ಹಾಕಿಸಿಡ್ತೀನಿ."

ಹೀಗೆ ಹೆದರಿಸಿದರೆ ಜನ ಓಡಿಹೋಗಬೇಕು. ಓಡಲಿಲ್ಲ! ಊರಲ್ಲಿ ಎಲ್ಲರೂ ಸಕ್ಕರೆ ಸುರಿಯುವಾಗ ಒಬ್ಬಳಾದರೂ ನಿಜ ಹೇಳುತ್ತಾಳಲ್ಲ ಎಂದು ನಕ್ಕು, ದಿನಾಂಕ ಕೇಳಿದರು. ಒಂದು ಮುದಿ ದಂಪತಿಯಂತೂ ನಿಂಬೆಹಣ್ಣು ಉರುಳುವುದನ್ನು ನೋಡುವುದಕ್ಕೇ ಬರುತ್ತೇವೆ ಅಂದರು. ಹದಿನೈದು ದಿನದಲ್ಲಿ ಅವಳಿಗೆ ದನಿ ಕೇಳಿದರೇ ಗೊತ್ತಾಗುತ್ತಿತ್ತು, ಯಾರು ಬರುವವರು, ಯಾರು ಸುಮ್ಮನೆ ಹೊತ್ತು ಕಳೆಯುವವರು ಎಂದು. ಅವಳಿಗೆ ಈ ಕೆಲಸ ಇಷ್ಟವಾಗತೊಡಗಿತು. ಅದನ್ನವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅದನ್ನೂ "ಅಕ್ಕ ಇದ್ದಾರಲ್ಲ"ಕ್ಕೆ ಸೇರಿಸಿಬಿಡುತ್ತಾರೆ.

ಸಾಮಾನು ಮೇಲೆ ಸಾಗಿಸುವ ದಿನ ಬಂತು, ಆಗ ನೋಡಿ ತಮಾಷೆ. ಯಾವ ಮೇಜು ಯಾವ ಮೂಲೆಯದು ಎಂದು ಇಳಿಸುವಾಗ ಯಾರೂ ಗುರುತು ಹಾಕಿರಲಿಲ್ಲ. ನಕ್ಷೆ ಬರೆಯುವವಳು ಬಡಗಿಗಳಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದಳು. ಬಡಗಿಗಳು ನಕ್ಷೆಯಲ್ಲಿ ಇರುತ್ತದೆ ಅಂದುಕೊಂಡಿದ್ದರು.

"ಅಕ್ಕನಿಗೆ ಗೊತ್ತಿರತ್ತೆ," ಅಂದ ಮೈದುನ.

"ಗೊತ್ತಿಲ್ಲ," ಅಂದಳು ಅಕ್ಕ. ನಿಜವಾಗಿಯೂ ಗೊತ್ತಿರಲಿಲ್ಲ.

ಇಡೀ ಭಾನುವಾರ ಒಂದೊಂದು ಸಾಮಾನನ್ನೂ ಮೂರು ಅಂತಸ್ತಿನ ಮೂಲೆ ಮೂಲೆಗೆ ಇಟ್ಟು, ಅಲ್ಲಾಡಿಸಿ, ಬೈದು, ಎತ್ತಿ, ಮತ್ತೆ ಇಟ್ಟರು. ಮಾವ ಮಟ್ಟ ನೋಡುವ ರಸಮಟ್ಟ ಹಿಡಿದು ಕೂಗುವರು, ಮೈದುನ ಸೊಂಟ ಹಿಡಿದು ಕೂಗುವನು. ಒಂದು ಬೀರು ಯಾವ ಕೋಣೆಯಲ್ಲೂ ನಿಲ್ಲದೆ, ಅದು ಈ ಮನೆಯದೇ ಹೌದೋ ಎಂದು ಅತ್ತೆ ಮಾವನಿಗೆ ಜಗಳವಾಯಿತು. ಮಧ್ಯಾಹ್ನ ಯಾರೂ ಅಡುಗೆ ಮಾಡಿರಲಿಲ್ಲ. ಬ್ರೆಡ್ ತಂದು ತಿಂದರು.

ಒಂದು ಸಾಮಾನು ಮಾತ್ರ ಒಂದೇ ಸಲಕ್ಕೆ ಕೂತಿತು. ಹ್ಞೂಂ ಮೇಸ್ತ್ರಿ ಯಾರನ್ನೂ ಕೇಳದೆ ತನ್ನ ಮದುವೆಯ ಮಂಚ ಹೊತ್ತು ನಡುವಿನ ಅಂತಸ್ತಿಗೆ ಹೋದ, ಬೀದಿ ಕೋಣೆಯಲ್ಲಿ ಇಟ್ಟ, ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ. ಕದಲಲಿಲ್ಲ.

"ಇದು ಇಲ್ಲಿಯದು," ಅಂದ. "ಬೇರೆ ಎಲ್ಲಿಟ್ರೂ ನಿಲ್ಲಲ್ಲ."

ಒಂದೇ ಉಸಿರಿಗೆ ಅಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಕೇಳಿದ್ದು ಕಡಿಮೆ. ಅವಳು ಅವನನ್ನೇ ನೋಡಿದಳು. ಅವನು ಮಂಚದ ಕಾಲನ್ನು ನೋಡುತ್ತಿದ್ದ.

ಬಾಡಿಗೆ ಮನೆಗಳ ಬಾಗಿಲು ತೆರೆಯುವ ಹಿಂದಿನ ದಿನ, ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಮೈದುನ ಉಮೇದಿನಲ್ಲಿದ್ದ. "ಲೆಕ್ಕ ಒಪ್ಪಿಸಿ ಅತ್ತಿಗೆ. ಮೊದಲನೇ ಅಂತಸ್ತು?"

"ನಾಳೆಯಿಂದ ಭರ್ತಿ. ತಿಂಗಳ ಕೊನೇವರೆಗೆ."

"ಮೇಲಿನದು?"

"ಅದೂ ಅಷ್ಟೆ, ಭಾನುವಾರದಿಂದ. ಎರಡು ದಿನ ನಡುವೆ ಬಿಡುವಿದೆ."

"ನಡುವಿನದು? ಅದಕ್ಕೇ ಜನ ಮುಗಿಬೀಳ್ಬೇಕು, ಫೋಟೋ ಅದರದ್ದೇ ಹಾಕಿರೋದು."

"ಕೇಳಿದ್ರು ಬೇಕಾದಷ್ಟು ಜನ. ಖಾಲಿ ಇಲ್ಲ ಅಂದೆ. ಬುಕ್ ಆಗಿದೆ."

"ಭೇಷ್! ಯಾರು?"

"ಒಂದು ಸಂಸಾರ. ಗಂಡ, ಹೆಂಡತಿ, ಓದೋ ಮಗಳು."

"ಎಷ್ಟು ದಿನಕ್ಕೆ?"

"ಹೋಗೋ ದಿನ ಹೇಳಿಲ್ಲ."

ಮೈದುನ ತುತ್ತು ಕೈಯಲ್ಲೇ ಹಿಡಿದು, "ಹಾಗೆಲ್ಲ ಆಗಲ್ಲ ಅತ್ತಿಗೆ. ಮುಂಗಡ ಕೊಟ್ಟಿದ್ದಾರಾ?" ಅಂದ.

"ಕೊಟ್ಟಿದ್ದಾರೆ. ಹದಿನಾರು ವರ್ಷದ್ದು."

ಮೊದಲು ಅರ್ಥವಾದದ್ದು ಮಗಳಿಗೆ. ಅವಳು ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಒಬ್ಬೊಬ್ಬರಾಗಿ ತಲೆ ಎತ್ತಿದರು.

"ಅಂದ್ರೆ ನೀವಾ?" ಮೈದುನನ ದನಿ ಏರಿತು. "ಮೂರು ಮನೆ ಅಂತ ಲೆಕ್ಕ ಹಾಕಿರೋದು! ಇದೇನು ಮಕ್ಕಳಾಟನಾ?"

"ಎರಡು ಮನೆ ಅಂತ ಹಾಕು. ಎರಡನ್ನೂ ನಾನು ತುಂಬಿಸಿ ಕೊಡ್ತೀನಿ, ಅದು ನನ್ನ ಜವಾಬ್ದಾರಿ. ಹಾಸಿಗೆ ಬಟ್ಟೆ ಲಾಂಡ್ರಿಗೆ ಹೋಗತ್ತೆ, ನನ್ನ ಬೆನ್ನಿಗಲ್ಲ. ಕಸಕ್ಕೆ ಸಂಬಳ ಕೊಟ್ಟು ಒಬ್ಬರನ್ನ ಇಟ್ಕೊಳ್ಳಿ. ವಾರದ ದಿನ ಬೀಗದ ಕೈ ನಾನು ಕೊಡ್ತೀನಿ, ಭಾನುವಾರ ನೀವಿಬ್ರು. ಇದು ಬೇಡ ಅಂದ್ರೆ ಬೋರ್ಡಿಂದ ನನ್ನ ನಂಬರ್ ಅಳಿಸಿ, ನಿಮ್ಮಣ್ಣಂದು ಬರೆಸಿ. ಕೇಳಿದೋರಿಗೆಲ್ಲ ಹ್ಞೂಂ ಅಂತಾರೆ, ನೋಡೋಣ ಯಾರು ಬರ್ತಾರೆ."

ಅಷ್ಟು ಬಿಗುವಿನಲ್ಲೂ ಮಾವನಿಗೆ ನಗು ತಡೆಯಲಾಗಲಿಲ್ಲ. ವಾರಗಿತ್ತಿ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. "ಆ ಕಿಟಕಿ ಕಟ್ಟೆ ಮೂರು ಸಲ ಬಿಚ್ಚಿ ಮಾಡಿಸಿದ್ದೀನಿ ಅಕ್ಕ. ಬಂದೋರು ಅಲ್ಲಿ ಕೂತು ಖುಷಿಪಡಲಿ ಅಂತ."

"ಗೊತ್ತು. ತುಂಬ ಚೆನ್ನಾಗಿ ಮಾಡಿದ್ದೀಯ. ಅದಕ್ಕೇ ಬುಕ್ ಮಾಡಿದ್ದು."

ವಾರಗಿತ್ತಿ ಮೂಗು ಒರೆಸಿಕೊಂಡು, "ಆ ಗೂಡಲ್ಲಿ ಬಿಸಿ ಲೋಟ ಹಾಗೇ ಇಡಬೇಡಿ, ಪಾಲಿಶ್ ಹೋಗತ್ತೆ," ಅಂದಳು.

"ಅಮ್ಮ, ನೀನಾದ್ರೂ ಹೇಳು," ಎಂದು ಮೈದುನ ತಾಯಿಯ ಕಡೆ ತಿರುಗಿದ.

ದೊಡ್ಡ ಸೊಸೆಗೆ ಅಲ್ಲಿಯವರೆಗೆ ಇಲ್ಲದ ಭಯ ಆಗ ಬಂತು. ಅತ್ತೆ ಒಂದು ಮಾತು ಆಡಿದರೆ ಈ ಮನೆಯಲ್ಲಿ ಅದೇ ಕೊನೆ. ಅತ್ತೆ ಅವಸರ ಮಾಡಲಿಲ್ಲ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡರು.

"ನಾನೇನು ಹೇಳ್ಲಿ?" ಅಂದರು. "ನನ್ನ ಕಾಲಕ್ಕೆ ಹೀಗೆ ಬುಕ್ ಮಾಡೋಕೆ ಫೋನ್ ಇರ್ಲಿಲ್ಲ."

ಮಾವನ ನಗು ನಿಂತಿತು. ಅವರು ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಹ್ಞೂಂ ಮೇಸ್ತ್ರಿ ಎದ್ದ, ಕೋಣೆಗೆ ಹೋಗಿ ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದ. ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಶನಿವಾರ ಮೊದಲನೇ ಅಂತಸ್ತಿಗೆ ಬಂದವರಿಗೆ ದೊಡ್ಡ ಸೊಸೆ ಬೀಗದ ಕೈ ಕೊಟ್ಟಳು, ನಿಂಬೆಹಣ್ಣೂ ಕೊಟ್ಟಳು. ಭಾನುವಾರ ಬೆಳಗಾಗುವುದರೊಳಗೆ ಮೇಲಿನ ಮನೆಯವರು ಹೇಳಿದ್ದಕ್ಕಿಂತ ಮೊದಲೇ ಬಂದು ಗಂಟೆ ಒತ್ತಿದರು. ಕೆಳಗೆ ದಡಬಡ ಶುರುವಾಯಿತು. ಟವೆಲ್ ಎಲ್ಲಿದೆ, ಬೀಗದ ಕೈ ಎಲ್ಲಿ, ಬಿಸಿನೀರಿನ ಸ್ವಿಚ್ ಯಾವುದು. ಮೈದುನ, ವಾರಗಿತ್ತಿ ಒಬ್ಬರ ಮೇಲೊಬ್ಬರು ಹಾಯ್ದುಕೊಂಡು ಓಡಾಡಿದರು. ಮೈದುನ ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎತ್ತಿ, "ಅತ್ತಿಗೇ..." ಎಂದು ಬಾಯಿ ತೆರೆದ.

"ಕೂಗಬೇಡ್ವೋ," ಅಂದರು ಅತ್ತೆ ಅಡುಗೆಮನೆಯಿಂದ. "ನಡುವಿನ ಮನೆಯೋರು ಮಲಗಿದ್ದಾರೆ. ಮುಂಗಡ ಕೊಟ್ಟಿರೋರು."

ಮೇಲೆ ಅವಳಿಗೆ ಅದು ಕೇಳಿಸಿತು. ಆ ದನಿ ನಾಲ್ಕು ಗೋಡೆ ದಾಟಿಯೂ ಕೇಳುವಂಥದು. ಏಳಲು ಹೊರಟವಳು ಮತ್ತೆ ದಿಂಬಿಗೆ ತಲೆಯಿಟ್ಟು ಮಗ್ಗಲು ಬದಲಿಸಿದಳು. ಮಂಚ ಸದ್ದು ಮಾಡಲಿಲ್ಲ.